ಗ್ರಾಮಚರಿತ್ರೆಯೂ ಹಳೆಯ ನಕ್ಷೆಗಳೂ

ನಮ್ಮ ಮಂಡ್ಯ ಜಿಲ್ಲೆಯಲ್ಲಿ ಗ್ರಾಮಚರಿತ್ರೆಗಳನ್ನು ಬರೆಯುವ ಉತ್ಸಾಹವು ಈಚೆಗೆ ಹೆಚ್ಚುತ್ತಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಚರಿತ್ರೆಗಳಲ್ಲಿ ನಾಲ್ಕಾರನ್ನು ಒಟ್ಟಿಗೆ ಓದಿದವರಿಗೆ ಒಂದು ಬೇಸರವು ಹುಟ್ಟದೆ ಇರದು. ಊರು ಯಾವುದೇ ಆಗಲಿ, ಮೊದಲನೆಯ ಪುಟದಲ್ಲಿ ಶ್ರೀರಾಮಚಂದ್ರನು ಅಲ್ಲಿಗೆ ದಯಮಾಡಿಸಿರುತ್ತಾನೆ. ಎರಡನೆಯದರಲ್ಲಿ ಪಾಂಡವರು ವನವಾಸವನ್ನು ಕಳೆದಿರುತ್ತಾರೆ. ಮೂರನೆಯದರಲ್ಲಿ ಗಂಗರೂ ಚೋಳರೂ ಹೊಯ್ಸಳರೂ ಸಾಲಾಗಿ ಬಂದು ಹೋಗುತ್ತಾರೆ. ಕಡೆಯಲ್ಲಿ ದೇವಸ್ಥಾನದ ಜೀರ್ಣೋದ್ಧಾರದ ವರದಿ. ಹೆಸರೊಂದನ್ನು ಬದಲಾಯಿಸಿ ಅದೇ ಪುಸ್ತಕವನ್ನು ನೆರೆಯೂರಿನವರ ಕೈಗೆ ಕೊಟ್ಟರೆ ಅವರೂ ಆಕ್ಷೇಪಿಸಲಾರರು. ಊರಿನ ಕೆರೆಗೆ ನೀರು ಎತ್ತಣಿಂದ ಬರುತ್ತಿತ್ತು, ಜನರು ಸಂತೆಗೆ ಯಾವ ದಾರಿಯಲ್ಲಿ ನಡೆಯುತ್ತಿದ್ದರು, ಎಲ್ಲೆಯಾಚೆಯ ಹಾಳೂರು ಏಕೆ ಹಾಳಾಯಿತು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ, ಪ್ರಶ್ನೆಗಳೇ ಇಲ್ಲ. ನಮ್ಮ ಲೇಖಕರು ಹಳೆಯ ಮೋಜಣಿಯ ನಕ್ಷೆಗಳನ್ನು ಕಣ್ಣೆತ್ತಿಯೂ ನೋಡದಿರುವುದೇ ಈ ಬಡತನಕ್ಕೆ ಮುಖ್ಯ ಕಾರಣವೆಂಬುದು ನನ್ನ ವಾದ.

ನಕ್ಷೆಯೆಂದೊಡನೆ ನಮ್ಮ ಸಾಹಿತ್ಯಾಭಿಮಾನಿಗಳು ಅದು ಶಾನುಭೋಗನ ಗಂಟೆಂದು ಮುಖ ತಿರುಗಿಸುತ್ತಾರೆ. ಹಿತ್ತಲ ಗಿಡ ಮದ್ದಲ್ಲವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ. ಭಾರತ ಸರ್ವೇ ಇಲಾಖೆಯು ಮೈಲಿಗೆ ಒಂದಂಗುಲದ ಪ್ರಮಾಣದಲ್ಲಿ ಅಚ್ಚು ಹಾಕಿಸಿದ ಹಳೆಯ ಹಾಳೆಯೊಂದನ್ನು ಹರಡಿ ನೋಡಿರಿ. ಕೆರೆಯೂ ಏರಿಯೂ, ಹೊಳೆ ದಾಟುವ ಕಡವೂ, ಬಂಡಿಯ ದಾರಿಯೂ ಕಾಲುದಾರಿಯೂ, ಗುಡಿಯೂ ಗೋರಿಯೂ ಕೋಟೆಯೂ, ಜನರಿರುವ ಊರೂ ಜನರು ಬಿಟ್ಟ ಊರೂ ಬೇರೆ ಬೇರೆ ಗುರುತುಗಳಿಂದ ಅಲ್ಲಿ ಕಾಣುತ್ತವೆ. ಶಿಲಾಶಾಸನವು ದಾನ ಕೊಟ್ಟವನ ಹೆಸರನ್ನೂ ಪಡೆದವನ ಹೆಸರನ್ನೂ ಹೇಳುವುದು. ಆ ಕೆರೆಗೆ ಮಣ್ಣು ಹೊತ್ತವರ ಹಟ್ಟಿಯು ಎಲ್ಲಿತ್ತೆಂಬುದನ್ನು ಹೇಳುವುದು ಅಪರೂಪ. ಶಾಸನವನ್ನು ಕೆತ್ತಿಸಲಾರದವರ ಚರಿತ್ರೆಯು ನಮಗೆ ಬೇಕಾದರೆ ಅವರು ನೆಲದ ಮೇಲೆ ಬಿಟ್ಟ ಗುರುತುಗಳನ್ನೇ ಹುಡುಕಬೇಕು. ಆ ಗುರುತುಗಳ ಪಟ್ಟಿಯು ನಕ್ಷೆಯಲ್ಲಿದೆ.

ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. 1911ಕ್ಕೆ ಹಿಂದಿನ ನಕ್ಷೆಯಲ್ಲಿ ಕಾವೇರಿಯ ದಡದಲ್ಲಿ ಕನ್ನಂಬಾಡಿಯೆಂಬ ಊರು ಕಾಣುವುದು. ಆ ವರ್ಷ ಆರಂಭವಾದ ಅಣೆಕಟ್ಟೆಯ ಹಿನ್ನೀರಿನಲ್ಲಿ ಆ ಊರೂ ಅದರ ಸುತ್ತಣ ಹಳ್ಳಿಗಳೂ ಮುಳುಗಿದವು. ಅಲ್ಲಿಯ ವೇಣುಗೋಪಾಲಸ್ವಾಮಿಯ ಗುಡಿಯು ಸ್ಥಳಾಂತರಗೊಂಡು ಇಂದು ಸಹಸ್ರಾರು ಯಾತ್ರಿಕರನ್ನು ಕಾಣುತ್ತಿದೆ. ಗುಡಿಯ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಮುಳುಗಿದ ಹೊಲಗಳ ಮೇಲೆ ಹಾದುಹೋಗುತ್ತಿದ್ದ ದಾರಿಗಳು ಯಾವುವು, ಯಾವ ಊರಿನವರು ಯಾವ ಸಂತೆಯನ್ನು ಕಳೆದುಕೊಂಡರು, ಎಂದು ಕೇಳುವವರಿಲ್ಲ. ನೀರಿನಡಿಯಲ್ಲಿ ಹೋಗಿ ವಿಚಾರಿಸುವುದು ಅಸಾಧ್ಯ. ಹಳೆಯ ಹಾಳೆಯನ್ನು ಬಿಟ್ಟರೆ ಬೇರೆ ಸಾಕ್ಷಿಯು ದುರ್ಲಭ.

ಮಂಡ್ಯದ ಸುತ್ತಣ ಸೀಮೆಯ ಮಾತೂ ಹಾಗೆಯೇ. ಇರ್ವಿನ್ ನಾಲೆಯೆಂದು ಮೊದಲು ಹೆಸರಾಗಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಲ್ಲಿ ಈ ಬಯಲಿಗೆ ಹರಿಯಿತು. 1933ರಲ್ಲಿ ಸಕ್ಕರೆಯ ಕಾರ್ಖಾನೆಯು ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಮೈಸೂರಿನಿಂದ ಬೇರ್ಪಟ್ಟು ತಾನೇ ಒಂದು ಜಿಲ್ಲೆಯಾಯಿತು. ನಾಲೆಗೆ ಮುಂಚಿನ ಹಾಳೆಯನ್ನೂ ಅನಂತರದ ಹಾಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ ರಾಗಿಯ ನಾಡು ಕಬ್ಬಿನ ನಾಡಾದ ಬಗೆಯು ಕಣ್ಣಿಗೆ ಕಟ್ಟುವುದು. ಮಳೆಯನ್ನೇ ನಂಬಿದ್ದ ಕೆರೆಗಳ ನಡುವೆ ಕಾಲುವೆಗಳ ಜಾಲವು ಹಬ್ಬಿದುದನ್ನು ಕಂಡಮೇಲೆ, ತೂಬನ್ನು ಕಾಯುತ್ತಿದ್ದ ನೀರಗಂಟಿಯ ಗತಿಯೇನಾಯಿತೆಂದು ಕೇಳಲು ಅವನಿಗೆ ಬಾಯಿ ಬರುವುದು. ಇದು ಚರಿತ್ರೆಯಲ್ಲವೆ?

ಇನ್ನು ಹಾಳೂರುಗಳು. ಕಂದಾಯದ ಕಾಗದಗಳಲ್ಲಿ ಬೇಚರಾಕು ಗ್ರಾಮವೆಂದು ಕರೆಯಿಸಿಕೊಳ್ಳುವ ಊರುಗಳನ್ನು ಎಲ್ಲರೂ ಕೇಳಿದ್ದೇವೆ. ಆ ಶಬ್ದವು ಪಾರಸಿಯಿಂದ ಬಂದುದು. ದೀಪವಿಲ್ಲದುದೆಂದು ಅದರ ಅರ್ಥ. ಅವುಗಳಿಗೆ ಎಲ್ಲೆಯುಂಟು, ಸರ್ವೇ ನಂಬರುಗಳುಂಟು; ಮನೆಗಳಿಲ್ಲ. 1791ರಿಂದ 1799ರ ವರೆಗೆ ಶ್ರೀರಂಗಪಟ್ಟಣದ ಸುತ್ತ ಸೈನ್ಯಗಳು ತುಳಿದಾಡಿದವು. 1876ರಿಂದ 1878ರ ವರೆಗೆ ಧಾತು ಈಶ್ವರ ಸಂವತ್ಸರಗಳ ಕ್ಷಾಮವು ಮೈಸೂರು ಸೀಮೆಯನ್ನು ಸುಟ್ಟಿತು. 1898ರಿಂದ ಪ್ಲೇಗು ಹಳ್ಳಿಗಳನ್ನು ಹೊಕ್ಕಿತು. ಯಾವ ಊರು ಯಾವ ವಿಪತ್ತಿಗೆ ಬಲಿಯಾಯಿತೆಂಬುದನ್ನು ನಕ್ಷೆಯು ತಾನೇ ಹೇಳಲಾರದು, ನಿಜ. ಆದರೆ ಎಲ್ಲಿ ನಿಂತು ಯಾರನ್ನು ಕೇಳಬೇಕೆಂಬುದನ್ನು ತೋರಿಸುವುದು. ಕಾಲ ವಾರು ಒಂದೆರಡು ಹಾಳೆಗಳನ್ನು ಹೋಲಿಸಿದರೆ ಊರು ಬರಿದಾದ ಅವಧಿಯನ್ನಾದರೂ ಹಿಡಿಯಬಹುದು.

ಇಲ್ಲಿ ಸ್ವದೇಶಾಭಿಮಾನಿಗಳ ಆಕ್ಷೇಪವೊಂದುಂಟು. ಈ ನಕ್ಷೆಗಳು ಪರಕೀಯರು ಯುದ್ಧಕ್ಕೂ ಕಂದಾಯಕ್ಕೂ ಮಾಡಿಕೊಂಡವು, ಅವುಗಳಿಂದ ನಮ್ಮ ಚರಿತ್ರೆಯನ್ನು ಬರೆಯುವುದು ಅಪಮಾನವೆಂದು ಅವರು ಹೇಳುತ್ತಾರೆ. ಮೊದಲನೆಯ ಮಾತು ಸತ್ಯ. ಮೈಸೂರು ಸೀಮೆಯ ಮೋಜಣಿಯನ್ನು ನಡೆಯಿಸಿದ ಕಾಲಿನ್ ಮೆಕೆಂಝಿಯು 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದೊಡನೆ ಬಂದವನೇ. ಆದರೆ ಅವನಿಗಾಗಿ ಊರೂರು ತಿರುಗಿ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದವರು ಕಾವಲಿ ವೆಂಕಟ ಬೋರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಜೈನಪಂಡಿತ ಧರ್ಮಯ್ಯ ಮೊದಲಾದ ನಮ್ಮವರು. ಹಳ್ಳಿಯ ಹೆಸರನ್ನು ಹೇಳಿದವನು ಹಳ್ಳಿಯವನು. ಎಲ್ಲೆಯ ಕಲ್ಲನ್ನು ತೋರಿಸಿದವನು ತೋಟಿ. ಇದಲ್ಲದೆ, ಶಾಸನಗಳನ್ನು ಹಾಕಿಸಿದ ರಾಜರು ತಮ್ಮ ಕೀರ್ತಿಗಾಗಿಯೂ ತಮ್ಮ ತೆರಿಗೆಯ ವ್ಯವಸ್ಥೆಗಾಗಿಯೂ ಹಾಕಿಸಲಿಲ್ಲವೆ? ಆ ಕಾರಣದಿಂದ ಶಾಸನಗಳನ್ನು ನಾವು ಬಿಸುಟೆವೆ? ಸಾಕ್ಷಿಯ ಉದ್ದೇಶವನ್ನು ತಿಳಿದುಕೊಂಡು ಸಾಕ್ಷ್ಯವನ್ನು ಸ್ವೀಕರಿಸುವುದು ವಿವೇಕಿಯ ರೀತಿ.

ಇದಕ್ಕೆ ವಿರುದ್ಧವಾದ ಇನ್ನೊಂದು ಮೌಢ್ಯವೂ ಇಲ್ಲದಿಲ್ಲ. ಅಚ್ಚಾದುದೆಲ್ಲ ವೇದವೆಂದು ನಂಬುವವರು ನಕ್ಷೆಯ ಬರಹವನ್ನೇ ಪ್ರಮಾಣವೆನ್ನುತ್ತಾರೆ. ಅಂಥವರು ನಮ್ಮ ಪಾಂಡವಪುರವನ್ನು ನೋಡಲಿ. ಅದರ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದುದರಿಂದ ಆಂಗ್ಲರು ಅದನ್ನು ಫ್ರೆಂಚ್ ರಾಕ್ಸ್ ಎಂದು ಬರೆದರು. ರೈಲು ನಿಲ್ದಾಣಕ್ಕೂ ಅದೇ ಹೆಸರಾಯಿತು. ಮುಂದೆ ಆ ಹೆಸರು ಹೋಗಿ ಪಾಂಡವರ ಹೆಸರು ಬಂದಿತು. ಒಂದೇ ನೆಲಕ್ಕೆ ಮೂರು ಹೆಸರು. ಕಡೆಯದನ್ನು ಮಾತ್ರ ಬಲ್ಲವನು ಪುರಾಣವನ್ನು ಬರೆಯುತ್ತಾನೆ, ನಡುವಣದನ್ನು ಮಾತ್ರ ಬಲ್ಲವನು ದಂಡಯಾತ್ರೆಯನ್ನು ಬರೆಯುತ್ತಾನೆ. ನೆರೆಯ ರಾಮನಗರವು ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯಾಗಿತ್ತು. ಊರು ಆ ಹೆಸರನ್ನು ಬಿಟ್ಟರೂ ಅಲ್ಲಿಯ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೆಂದೇ ಕರೆಯುತ್ತಾರೆ. ಆದುದರಿಂದ ನಕ್ಷೆಯನ್ನು ಕೈಯಲ್ಲಿ ಹಿಡಿದು ಊರಿಗೆ ಹೋಗಿ, ಪ್ರತಿಯೊಂದು ಹೆಸರನ್ನೂ ಅಲ್ಲಿಯ ವೃದ್ಧರ ಬಾಯಲ್ಲಿ ಹೇಳಿಸಿ, ಅವರಾಡಿದಂತೆ ಕನ್ನಡದಲ್ಲಿ ಬರೆದುಕೊಳ್ಳಬೇಕು. ಸ್ಥಳನಾಮಗಳಿಂದ ಎಂತಹ ಚರಿತ್ರೆಯನ್ನು ತೆಗೆಯಬಹುದೆಂಬುದನ್ನು ಶಂ. ಬಾ. ಜೋಶಿಯವರು ತೋರಿಸಿಕೊಟ್ಟು ಎಷ್ಟೋ ಕಾಲವಾಯಿತು. ದಾರಿಯಿದ್ದೂ ನಡೆಯದಿರುವುದು ನಮ್ಮ ಸೋಮಾರಿತನ.

ನಕ್ಷೆಗಳು ದೊರೆಯುವುದಿಲ್ಲವೆಂಬುದು ಕೊನೆಯ ನೆಪ. ಹಿಂದೆ ಅದರಲ್ಲಿ ಸತ್ಯಾಂಶವಿತ್ತು. ಸ್ವಂತ ಊರಿನ ನಕ್ಷೆಯನ್ನು ಕೇಳಿದವನನ್ನು ಗೂಢಚಾರನಂತೆ ಕಾಣುತ್ತಿದ್ದ ಕಚೇರಿಗಳನ್ನು ನಾನೂ ಕಂಡಿದ್ದೇನೆ. ಆದರೆ 2005ರ ನಕ್ಷಾನೀತಿಯು ಸಾರ್ವಜನಿಕರಿಗಾಗಿಯೇ ಒಂದು ಮಾಲೆಯನ್ನು ಏರ್ಪಡಿಸಿತು. 2021ರಲ್ಲಿ ನಿರ್ಬಂಧಗಳು ಮತ್ತಷ್ಟು ಸಡಿಲವಾದವು. ಕರ್ನಾಟಕದ ಗ್ರಾಮನಕ್ಷೆಗಳು ಈಗ ಅಂತರ್ಜಾಲದಲ್ಲಿಯೇ ಸಿಕ್ಕುತ್ತವೆ. ಅಮೆರಿಕದ ಸೇನೆಯು 1950ರ ದಶಕದಲ್ಲಿ ಅಚ್ಚು ಹಾಕಿಸಿದ ನಮ್ಮ ದೇಶದ ಹಾಳೆಗಳನ್ನು ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯವು ಜಗತ್ತಿಗೆಲ್ಲ ತೆರೆದಿಟ್ಟಿದೆ. ದೂರದವರು ಜೋಪಾನ ಮಾಡಿದುದನ್ನು ಮನೆಯವರು ಬಿಚ್ಚಿಯೂ ನೋಡದಿದ್ದರೆ ತಪ್ಪು ಯಾರದು?

ವಿಷಯವು ಪಾಂಡಿತ್ಯದ್ದು ಮಾತ್ರವಲ್ಲ. ಕೆರೆಯ ಅಂಗಳವು ನಿವೇಶನವಾಗುವಾಗ, ರಾಜಕಾಲುವೆಯ ಮೇಲೆ ಗೋಡೆಯೇಳುವಾಗ, ಇಲ್ಲಿ ನೀರು ಹರಿಯುತ್ತಿತ್ತೆಂದು ಸಾರಲು ಹಳ್ಳಿಯವನಿಗೆ ಇರುವ ಬಲವೆಂದರೆ ಹಳೆಯ ನಕ್ಷೆಯೊಂದೇ. ಅದನ್ನು ಓದಬಲ್ಲವರು ಊರಿನಲ್ಲಿ ಇಲ್ಲದಿದ್ದರೆ, ಓದಬಲ್ಲ ಹೊರಗಿನವನು ತನಗೆ ಬೇಕಾದಂತೆ ಓದುವನು.

ನಮ್ಮ ಸಂಘವು ಈ ವರ್ಷವೇ ತಾಲ್ಲೂಕು ತಾಲ್ಲೂಕಿಗೆ ದೊರೆಯುವ ಹಳೆಯ ಹೊಸ ಹಾಳೆಗಳನ್ನು ಸಂಪಾದಿಸಿ ಪುಸ್ತಕಭಂಡಾರದಲ್ಲಿ ಇಡಲಿ. ಹತ್ತು ಮಂದಿ ಸದಸ್ಯರು ತಮ್ಮ ತಮ್ಮ ಊರಿನ ಎಲ್ಲೆಯನ್ನು ನಕ್ಷೆ ಹಿಡಿದು ಸುತ್ತಿ ಬಂದು, ಕಂಡುದನ್ನೂ ಕೇಳಿದುದನ್ನೂ ಬರೆದು ಕೊಡಲಿ. ಪ್ರೌಢಶಾಲೆಯ ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ. ಹೊಲಗಳ ಹೆಸರುಗಳನ್ನೂ ಹಳೆಯ ದಾರಿಗಳನ್ನೂ ಬಲ್ಲ ವೃದ್ಧರು ಪ್ರತಿ ಊರಿನಲ್ಲಿಯೂ ಇನ್ನೂ ಒಬ್ಬಿಬ್ಬರು ಉಳಿದಿದ್ದಾರೆ. ಅವರಿರುವಾಗಲೇ ಈ ಕೆಲಸವು ನಡೆಯಬೇಕು. ಅದು ಮುಗಿಯುವ ತನಕ ಇನ್ನೊಂದು ಸ್ಥಳಪುರಾಣವನ್ನು ಅಚ್ಚು ಹಾಕಿಸುವ ಹಣವನ್ನು ಉಳಿಸಿದರೂ ಸಂಘಕ್ಕೆ ನಷ್ಟವಿಲ್ಲ.