ಹಳೆಯ ಕರ್ನೆಲ್, ಹೊಸ ಲೈಬ್ರರಿ: ಪಠ್ಯಸಂರಕ್ಷಣೆಯ ಒಂದು ಪ್ರಶ್ನೆ

ಕನ್ನಡ ಸಂಶೋಧನೆಯಲ್ಲಿ ಗಣಕಯಂತ್ರದ ಬಳಕೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಅಕ್ಷರವಿನ್ಯಾಸ, ಕೀಲಿಮಣೆ ಹಾಗೂ ಯುನಿಕೋಡ್‌ಗಳ ಸುತ್ತಲೇ ನಡೆದಿವೆ. ಆ ಅಕ್ಷರಗಳನ್ನು ಹೊತ್ತು ನಿಂತಿರುವ ತಳದ ವ್ಯವಸ್ಥೆಯತ್ತ ಹರಿದ ಗಮನ ಕಡಿಮೆ. ಪಠ್ಯಗಳ ದೀರ್ಘಕಾಲಿಕ ಸಂರಕ್ಷಣೆಯ ದೃಷ್ಟಿಯಿಂದ ಇದು ಉಪೇಕ್ಷಿಸುವ ವಿಷಯವಲ್ಲ.

ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಕರ್ನೆಲ್ ಎನ್ನುತ್ತಾರೆ. ಸ್ಮೃತಿ, ಕಡತ, ಯಂತ್ರಾಂಶಗಳೆಲ್ಲ ಅದರ ಅಧೀನ. ಇಲ್ಲಿ ಲೈಬ್ರರಿ ಎಂದರೆ ಪುಸ್ತಕಭಂಡಾರವಲ್ಲ. ತಂತ್ರಾಂಶಗಳ ಕೋರಿಕೆಯನ್ನು ಕರ್ನೆಲ್ಲಿಗೆ ಮುಟ್ಟಿಸುವ ಸಿದ್ಧ ಕಾರ್ಯಗಳ ಸಂಗ್ರಹ. ಲಿನಕ್ಸ್ ಪರಂಪರೆಯಲ್ಲಿ ಹಳೆಯ ತಂತ್ರಾಂಶಗಳನ್ನು ಹೊಸ ಕರ್ನೆಲ್ ಕೆಡಿಸಬಾರದೆಂಬ ನಿಯಮವನ್ನು ಲಿನಸ್ ಟೋರ್ವಾಲ್ಡ್ಸ್ ಕಟ್ಟುನಿಟ್ಟಾಗಿ ಪಾಲಿಸುತ್ತ ಬಂದಿದ್ದಾರೆ. ಆದರೆ ಹೊಸ ಲೈಬ್ರರಿಯು ಹಳೆಯ ಕರ್ನೆಲ್ಲಿನ ಮೇಲೆ ನಡೆಯಬೇಕೆಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ. 2017ರ ಆಗಸ್ಟ್‌ನಲ್ಲಿ ಹೊರಬಂದ ಗ್ನು ಸಿ ಲೈಬ್ರರಿಯ 2.26ನೆಯ ಆವೃತ್ತಿ, ಇಂಟೆಲ್ ಮಾದರಿಯ ಯಂತ್ರಗಳಲ್ಲಿಯೂ 3.2ಕ್ಕಿಂತ ಹಳೆಯ ಕರ್ನೆಲ್ಲನ್ನು ಕೈಬಿಟ್ಟಿತು. 2.6.32ನೆಯ ಕರ್ನೆಲ್ಲನ್ನು ಆಧರಿಸಿದ ಸೆಂಟ್‌ಓಎಸ್ 6ಕ್ಕಾದರೋ 2020ರ ನವೆಂಬರ್‌ವರೆಗೆ ಪೋಷಣೆಯಿತ್ತು. ಅಂಥ ಯಂತ್ರದಲ್ಲಿ ಹೊಸ ಲೈಬ್ರರಿಯನ್ನು ಅವಲಂಬಿಸಿದ ತಂತ್ರಾಂಶವು ‘ಕರ್ನೆಲ್ ತೀರ ಹಳೆಯದು’ ಎಂಬ ಒಂದು ಸಾಲನ್ನು ತೋರಿಸಿ ಆರಂಭದಲ್ಲಿಯೇ ನಿಂತುಬಿಡುತ್ತದೆ.

ಕನ್ನಡದ ವಿದ್ವಾಂಸರಿಗೆ ಈ ಏಕಮುಖತೆ ಅಪರಿಚಿತವಲ್ಲ. ಹಳಗನ್ನಡವನ್ನು ಅಭ್ಯಸಿಸಿದ ಇಂದಿನ ಓದುಗ ಪಂಪನನ್ನು ಓದಬಲ್ಲ. ಪಂಪನ ಕಾಲದ ಓದುಗನಿಗೆ ಇಂದಿನ ಆಡಳಿತ ಕನ್ನಡ ತಿಳಿಯಲಾರದು. ಕನ್ನಡ ಲಿಪಿಯ ಅನುಭವವೂ ಇದನ್ನೇ ಹೇಳುತ್ತದೆ. ಯುನಿಕೋಡ್ ಸಂಹಿತೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ವಿಂಡೋಸ್ ವ್ಯವಸ್ಥೆಯಲ್ಲಿ ಅದಕ್ಕೆ ಅಂತರ್ಗತ ಬೆಂಬಲ ದೊರೆತದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಒತ್ತಕ್ಷರಗಳನ್ನು ಜೋಡಿಸುವ ಲೈಬ್ರರಿಯಿಲ್ಲದೆ ಸಂಹಿತೆಯೊಂದರಿಂದಲೇ ಓದಬಲ್ಲ ಪಠ್ಯ ಮೂಡಲಿಲ್ಲ.

ಹಳೆಯ ಕರ್ನೆಲ್ಲನ್ನು ಕೈಬಿಟ್ಟವರನ್ನು ದೂರುವುದು ಸುಲಭ; ಅದು ನ್ಯಾಯವಲ್ಲ. ಪ್ರತಿಯೊಂದು ಹಳೆಯ ಆವೃತ್ತಿಗೂ ಪರ್ಯಾಯ ಮಾರ್ಗವನ್ನು ಉಳಿಸಿಕೊಳ್ಳುವುದು ನಿರ್ವಾಹಕರಿಗೆ ನಿರಂತರ ಹೊರೆ. ಹಾಗೆಂದು ಎಲ್ಲ ಯಂತ್ರಗಳನ್ನೂ ಬದಲಿಸಿರೆಂಬ ಸಲಹೆಯೂ ಅಪೂರ್ಣ. ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ, ಹಳೆಯ ಅಕ್ಷರಶೈಲಿಯ ಸಂಕೇತಗಳಲ್ಲಿ ಸಿದ್ಧವಾದ ನಿಘಂಟು ಅಥವಾ ಶಾಸನಪಾಠವು ಯಂತ್ರ ಬದಲಾದೊಡನೆ ಅನಾಥವಾಗುವ ಅಪಾಯವಿದೆ.

ಆದುದರಿಂದ ಪಠ್ಯವನ್ನೂ ಯಂತ್ರವನ್ನೂ ಬೇರ್ಪಡಿಸುವುದೇ ವಿವೇಕದ ಮಾರ್ಗ. ಪಠ್ಯದ ಒಂದು ಪ್ರತಿಯನ್ನು ಸರಳ ಯುನಿಕೋಡ್ ಕಡತವಾಗಿ ಇಡಬೇಕು. ಪರಿವರ್ತನೆಯ ನಂತರ ಮೂಲದೊಡನೆ ಹೋಲಿಸಿ ತಿದ್ದಬೇಕು. ಹಳೆಯ ತಂತ್ರಾಂಶ ಅನಿವಾರ್ಯವಾದಲ್ಲಿ ಅದನ್ನು ತನ್ನದೇ ಕರ್ನೆಲ್ಲಿನೊಡನೆ ವರ್ಚುವಲ್ ಯಂತ್ರದಲ್ಲಿ ಉಳಿಸಬಹುದು. ಕಂಟೇನರ್ ಎಂಬ ಹಗುರ ವಿಧಾನ ಇದಕ್ಕೆ ಸಾಲದು. ಅದು ಆತಿಥೇಯ ಯಂತ್ರದ ಕರ್ನೆಲ್ಲನ್ನೇ ಬಳಸುತ್ತದೆ. ಯಾವ ಆವೃತ್ತಿಯ ವ್ಯವಸ್ಥೆಯಲ್ಲಿ ಪಠ್ಯ ಸಿದ್ಧವಾಯಿತೆಂಬುದನ್ನೂ ದಾಖಲಿಸುವುದು ಅಗತ್ಯ. ಹಸ್ತಪ್ರತಿಯ ವಿವರಣೆಯಲ್ಲಿ ಗರಿಗಳ ಸಂಖ್ಯೆ, ಲಿಪಿ, ಸ್ಥಿತಿಗಳನ್ನು ನಮೂದಿಸುವ ಶಿಸ್ತು ಕನ್ನಡ ಗ್ರಂಥಸಂಪಾದನೆಗೆ ಹೊಸದಲ್ಲ. ಆ ಶಿಸ್ತು ಗಣಕದ ಪಠ್ಯಕ್ಕೂ ವಿಸ್ತರಿಸದಿದ್ದರೆ, ಓಲೆಗರಿಗಳು ಉಳಿದು ಅವುಗಳ ಗಣಕಪ್ರತಿಗಳು ಅಳಿಯುವ ವಿಪರ್ಯಾಸ ಒದಗೀತು.