ಕ್ಷೇತ್ರಕಾರ್ಯದ 25 ಅಂಕ ಎಲ್ಲಿ ಹೋಯಿತು?



ಪದವಿ ತರಗತಿಗಳ ಕಡ್ಡಾಯ ‘ಪರಿಸರ ಅಧ್ಯಯನ’ ಪತ್ರಿಕೆ ವಿದ್ಯಾರ್ಥಿಗಳಿಗೆ ಸುಮ್ಮನೆ ಹೊರೆ, ಅದನ್ನು ಕೈಬಿಡಬೇಕು ಎಂದು ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ತಿರುವಿ ಹಾಕಿದರೆ ಪಾಸಾಗುವ ಪತ್ರಿಕೆಯಿಂದ ಯಾರಿಗೆ ಏನು ಲಾಭ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರು ಹೇಳಿದ ಮದ್ದನ್ನು ನಾನು ಒಪ್ಪುವುದಿಲ್ಲ. ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ತುಂಗಭದ್ರೆಯ ದಡದ ಊರೊಂದರ ಖಾಸಗಿ ಕಾಲೇಜಿನಲ್ಲಿ ನಾಲ್ಕು ವರ್ಷ ಈ ಪತ್ರಿಕೆಯನ್ನೇ ಪಾಠ ಮಾಡಿದವಳು ನಾನು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಒಂದು ವರ್ಷ ಬಿ.ಕಾಂ. ಮಕ್ಕಳನ್ನು ಊರ ಕೆರೆಗೆ ಕರೆದುಕೊಂಡು ಹೋಗಿದ್ದೆ. ನಡೆದು ಹೋಗುವಷ್ಟು ದೂರ, ಬಸ್ಸಿನ ಖರ್ಚಿಲ್ಲ. ರಸಾಯನಶಾಸ್ತ್ರ ವಿಭಾಗದವರು ಪ್ರೀತಿಯಿಂದ ಆರು ಗಾಜಿನ ಬಾಟಲಿ, ಎರಡು ಪಿಪೆಟ್, ಬೇಕಾದ ದ್ರಾವಣಗಳನ್ನು ಕೊಟ್ಟಿದ್ದರು. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನ ಹಳೆಯದು, ಸುಲಭದ್ದು. 300 ಮಿಲಿಲೀಟರ್ ಬಾಟಲಿಯಲ್ಲಿ ಗುಳ್ಳೆ ಏಳದ ಹಾಗೆ ನೀರು ತುಂಬಿಕೊಂಡು, ದಂಡೆಯ ಮೇಲೇ ಮ್ಯಾಂಗನೀಸ್ ಸಲ್ಫೇಟ್ ಎರಡು ಮಿಲಿಲೀಟರ್, ಕ್ಷಾರೀಯ ಅಯೋಡೈಡ್ ಎರಡು ಮಿಲಿಲೀಟರ್ ಬಿಟ್ಟು, ಬಿರಡೆ ಹಾಕಿ ಮೇಲೆ ಕೆಳಗೆ ಮಾಡಬೇಕು. ನೀರಲ್ಲಿ ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕಟ್ಟುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಉಳಿದ ಲೆಕ್ಕವನ್ನು ಆಮೇಲೆ ಕಾಲೇಜಿನಲ್ಲಿ ಬ್ಯೂರೆಟ್ ಹಿಡಿದು ಮಾಡಬಹುದು.

ಕೆರೆಯ ಕೋಡಿಯ ಹತ್ತಿರ ತೆಗೆದ ನೀರು ಕಂದಾಯಿತು. ಊರ ಚರಂಡಿ ಬಂದು ಬೀಳುವ ಮೂಲೆಯಲ್ಲಿ, ಅಂತರಗಂಗೆ ಸರಿಸಿ ತುಂಬಿಕೊಂಡ ಬಾಟಲಿ ಹಾಲು ಬೆರೆಸಿದಂತೆ ಬೆಳ್ಳಗಾಗಿ ನಿಂತುಬಿಟ್ಟಿತು. ಅದುವರೆಗೆ ಮೊಬೈಲ್ ನೋಡುತ್ತಿದ್ದ ಹುಡುಗರು ಸುತ್ತ ಬಂದು ನಿಂತರು. ಒಬ್ಬ ಹುಡುಗ ನೀರಿನ ಕಡೆ ಕೈ ತೋರಿಸಿ, “ಮೇಡಂ, ಆಮ್ಲಜನಕನೇ ಇಲ್ಲ ಅಂದ್ರೆ ಅಲ್ಲಿ ಮೀನು ಹೆಂಗೆ ಓಡಾಡ್ತಾವೆ?” ಎಂದ. ನಿಜ, ಕಪ್ಪು ಬೆನ್ನುಗಳು ಆಗಾಗ ಮೇಲೆ ಬಂದು ಮುಳುಗುತ್ತಿದ್ದವು. ಅವು ಕ್ಯಾಟ್‌ಫಿಶ್. ನೀರಿನ ಮೇಲೆ ಬಾಯಿ ತೆರೆದು ಗಾಳಿಯನ್ನೇ ನುಂಗಿ ಬದುಕಬಲ್ಲ ಮೀನು. ಗೆಂಡೆ, ಕಾಟ್ಲಾ ಅಲ್ಲಿ ಉಳಿಯಲಾರವು. ಮೀನು ಬದುಕಲು ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡವೇ ಹೇಳುತ್ತದೆ. ಆ ಹುಡುಗ ಕೇಳಿದಂಥ ಪ್ರಶ್ನೆ ಯಾವ ಗೈಡಿನಲ್ಲೂ ಇಲ್ಲ.

ಮುಂದಿನ ವಾರ ಇಬ್ಬರು ಹೆಣ್ಣುಮಕ್ಕಳು ತಾವಾಗಿಯೇ ಬೆಳಗಿನ ಆರಕ್ಕೆ ಬರುತ್ತೇವೆ ಎಂದರು. ಪಾಚಿ ಕಟ್ಟಿ ಹಸಿರಾದ ನೀರಿನಲ್ಲಿ ಮಧ್ಯಾಹ್ನ ಆಮ್ಲಜನಕ ಜಾಸ್ತಿ ಇರುತ್ತದೆ. ರಾತ್ರಿಯೆಲ್ಲ ಅದೇ ಪಾಚಿ ಉಸಿರಾಡಿ ಅದನ್ನು ಖಾಲಿ ಮಾಡುತ್ತದೆ. ಹಾಗಾಗಿಯೇ ಇಂಥ ಕೆರೆಗಳಲ್ಲಿ ಮೀನುಗಳು ಹೆಚ್ಚಾಗಿ ಬೆಳಗಿನ ಜಾವ ಸಾಯುತ್ತವೆ. ಎರಡು ಹೊತ್ತಿನ ಬಾಟಲಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಆ ಮಕ್ಕಳು ಇದನ್ನು ತಾವೇ ಹೇಳಿದರು. ಅವರಲ್ಲಿ ಒಬ್ಬಳು ಈಗ ಬ್ಯಾಂಕಿನಲ್ಲಿದ್ದಾಳೆ. ಅವಳಿಗೆ ಪರಿಸರ ವಿಜ್ಞಾನಿಯಾಗುವ ಅಗತ್ಯವೇನೂ ಇರಲಿಲ್ಲ. ಆದರೆ ತನ್ನೂರಿನ ಕೆರೆ ಹೇಗೆ ಸಾಯುತ್ತದೆ ಎಂಬುದು ಅವಳಿಗೆ ಗೊತ್ತು.

ಈ ಪತ್ರಿಕೆ ಯಾರೋ ಅಧಿಕಾರಿಯ ತಲೆಯಲ್ಲಿ ಹುಟ್ಟಿದ್ದಲ್ಲ. ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ಕೊಟ್ಟ ಆದೇಶದಿಂದ ಬಂದದ್ದು. ಸಿನಿಮಾ ಮಂದಿರಗಳಲ್ಲಿ ಪರಿಸರದ ಬಗ್ಗೆ ಸ್ಲೈಡ್ ತೋರಿಸಬೇಕು, ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕು ಎಂದು ಅದರಲ್ಲಿತ್ತು. ಹನ್ನೆರಡು ವರ್ಷವಾದರೂ ಅದು ಸರಿಯಾಗಿ ಜಾರಿಯಾಗಲಿಲ್ಲ. 2003ರ ಡಿಸೆಂಬರಿನಲ್ಲಿ ಕೋರ್ಟು ಮತ್ತೆ ಗದರಿಸಿದ ಮೇಲೆ ಯುಜಿಸಿಯ ಆರು ತಿಂಗಳ ಪಠ್ಯಕ್ರಮ ಎಲ್ಲ ಪದವಿ ತರಗತಿಗಳಿಗೂ ಬಂತು. ಆ ಪಠ್ಯಕ್ರಮವನ್ನು ನಾನು ಹಲವು ಸಲ ಓದಿದ್ದೇನೆ. ಅದರಲ್ಲಿ ಎಂಟು ಘಟಕ, 50 ಉಪನ್ಯಾಸ, 100 ಅಂಕ ಇದ್ದವು. ಲಿಖಿತ ಪರೀಕ್ಷೆಗೆ 75, ಕ್ಷೇತ್ರಕಾರ್ಯಕ್ಕೆ 25. ಎಂಟನೆಯ ಘಟಕ ಪೂರ್ತಿ ಕ್ಷೇತ್ರಕಾರ್ಯವೇ ಆಗಿತ್ತು: ಹತ್ತಿರದ ಹೊಳೆ, ಕಾಡು, ಗುಡ್ಡ ಏನಿದೆಯೋ ಅದನ್ನು ನೋಡಿ ಬರೆಯುವುದು, ಕಲುಷಿತವಾದ ಒಂದು ಜಾಗಕ್ಕೆ ಹೋಗುವುದು, ಗಿಡ, ಹುಳ, ಹಕ್ಕಿಗಳನ್ನು ಗುರುತಿಸುವುದು. ಹೊರೆ ಎನ್ನುವವರು ದಯವಿಟ್ಟು ಆ ಒಂದು ಪುಟ ಓದಬೇಕು.

ಆ 25 ಅಂಕಕ್ಕೆ ನಾವು ಮಾಡಿದ್ದೇನು? ನಾನಿದ್ದ ಕಾಲೇಜಿನಲ್ಲೇ ನಾನು ಸೇರುವ ಮುಂಚಿನ ರೆಕಾರ್ಡುಗಳು ಕಪಾಟಿನಲ್ಲಿದ್ದವು. ಒಂದೇ ವರ್ಷದ ನಲವತ್ತು ರೆಕಾರ್ಡುಗಳಲ್ಲಿ ಒಂದೇ ಕೆರೆ, ಒಂದೇ ಬಣ್ಣದ ಚಿತ್ರ, ಕೊನೆಗೆ ಒಂದೇ ಕಾಗುಣಿತದ ತಪ್ಪು. ಯಾರೂ ಕೆರೆಗೆ ಹೋಗಿರಲಿಲ್ಲ. ಎಲ್ಲರಿಗೂ 22, 23 ಅಂಕ ಬಿದ್ದಿತ್ತು. ಲಿಖಿತ ಪರೀಕ್ಷೆಯಲ್ಲಿ ಓಜೋನ್ ಪದರ, ಗಂಗಾ ಶುದ್ಧೀಕರಣ, ಭೋಪಾಲ ದುರಂತ. ತಪ್ಪೇನಿಲ್ಲ, ತಿಳಿಯಬೇಕಾದ್ದೇ. ಆದರೆ ಅದೇ ಮಕ್ಕಳಿಗೆ 1984ರಲ್ಲಿ ತಮ್ಮ ಊರ ಹೊಳೆಯಲ್ಲೇ ಮೀನು ಸತ್ತು ತೇಲಿದ್ದು ಗೊತ್ತಿರಲಿಲ್ಲ. ಅದೇ ಸೀಮೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ರೈತರು ಊರೊಟ್ಟಿನ ಜಮೀನಿಗೆ ನುಗ್ಗಿ, ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಮರದ ಸಸಿ ನೆಟ್ಟ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೂ ಗೊತ್ತಿರಲಿಲ್ಲ. ಅವರ ಮನೆಯ ಹಿರಿಯರಲ್ಲಿ ಅದನ್ನು ಕಣ್ಣಾರೆ ಕಂಡವರೇ ಇದ್ದಿರಬೇಕು.

ಪಾಠ ಯಾರು ಮಾಡುತ್ತಾರೆ ಎಂಬುದು ಇದಕ್ಕಿಂತ ನೋವಿನ ಸಂಗತಿ. ಕಾಲೇಜುಗಳಲ್ಲಿ ‘ಇವಿಎಸ್’ (ಈ ಪತ್ರಿಕೆಯ ಚುಟುಕು ಹೆಸರು) ಎಂದರೆ ಕಾರ್ಯಭಾರ ತುಂಬಿಸುವ ಚೀಲ. ವಾರಕ್ಕೆ ಎರಡು ತಾಸು ಕಡಿಮೆ ಬಿದ್ದವರು ಯಾರೋ ಅವರಿಗೆ ಅದು. ನನ್ನ ಐದನೆಯ ವರ್ಷ ಶುರುವಾಗುವಾಗ ನನ್ನ ತಾಸುಗಳನ್ನೂ ಹಾಗೆಯೇ ಬೇರೆ ವಿಭಾಗಕ್ಕೆ ಹಂಚಿದರು. ಅದನ್ನು ತೆಗೆದುಕೊಂಡ ಹಿರಿಯರು ಒಳ್ಳೆಯ ಅರ್ಥಶಾಸ್ತ್ರದ ಮೇಷ್ಟ್ರು. ಅವರೇ ನನಗೆ ಫೋನ್ ಮಾಡಿ, “ನಂಗೆ ಇದು ಬರಲ್ಲಮ್ಮ, ನಿನ್ನ ನೋಟ್ಸ್ ಕೊಡು” ಎಂದರು. ಕೊಟ್ಟೆ. ಈ ವಿಷಯ ಓದಿದವರೇ ಇಲ್ಲ ಎಂದಲ್ಲ. ಮೈಸೂರು, ಕುವೆಂಪು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿಭಾಗಗಳಿವೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲೂ ನಮ್ಮ ರಾಜ್ಯದ ಕೆ-ಸೆಟ್‌ನಲ್ಲೂ ಇದು ಪ್ರತ್ಯೇಕ ವಿಷಯ. ಅದನ್ನು ಓದಿ, ಅರ್ಹತೆ ಪಡೆದು ಮನೆಯಲ್ಲಿ ಕುಳಿತವರು ನನ್ನ ಬ್ಯಾಚಿನಲ್ಲೇ ಇದ್ದಾರೆ. ಇತಿಹಾಸದವರಿಂದ ಗಣಿತ ಹೇಳಿಸಲು ಯಾವ ಪ್ರಾಂಶುಪಾಲರೂ ಒಪ್ಪುವುದಿಲ್ಲ. ಪರಿಸರಕ್ಕೆ ಮಾತ್ರ ಯಾರಾದರೂ ಆದೀತು.

ಇದರ ಬೆಲೆ ತೆರುವವರು ಹಳ್ಳಿಯವರು. ದೊಡ್ಡ ಯೋಜನೆ, ಕಾರ್ಖಾನೆ, ಗಣಿ ಬರುವಾಗ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮುಂಚೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಅಂಥ ಒಂದು ಸಭೆಗೆ ನಾನು ಹೋಗಿದ್ದೆ. ಶಾಮಿಯಾನದ ಅಂಚಿನಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ಕನ್ನಡದ ಸಾರಾಂಶವನ್ನು ಪದವಿ ಓದುವ ಮೊಮ್ಮಗನ ಕೈಗೆ ಕೊಟ್ಟು, “ಏನೈತಪ್ಪಾ ಇದ್ರಾಗೆ, ಓದಿ ಹೇಳು” ಎಂದಳು. ಬಿಓಡಿ (ನೀರಿನ ಕೊಳೆ ಕರಗಲು ಬೇಕಾಗುವ ಆಮ್ಲಜನಕ) ಇಷ್ಟು, ದೂಳಿನ ಕಣ ಇಷ್ಟು ಎಂದು ಕೋಷ್ಟಕ. ಹುಡುಗ ಅಂಕಿಗಳನ್ನು ಓದಿದ. ಅವು ಹೆಚ್ಚೋ ಕಡಿಮೆಯೋ ಅವನಿಗೆ ತಿಳಿಯಲಿಲ್ಲ. ಪರಿಸರ ಅಧ್ಯಯನದಲ್ಲಿ ಅವನು ಪಾಸಾಗಿದ್ದ.

ರಾಜ್ಯದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಬಂತು, 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಪ್ರತಿ ಸಲ ಪಠ್ಯಕ್ರಮ ತಿದ್ದುವಾಗ ಯಾವ ಪತ್ರಿಕೆಗೆ ಎಷ್ಟು ಕ್ರೆಡಿಟ್ ಎಂಬ ಜಗ್ಗಾಟವೇ ನಡೆಯುತ್ತದೆ. ಕ್ರೆಡಿಟ್ ಕಡಿಮೆಯಾದರೂ ಆಗಲಿ, ಪಠ್ಯಕ್ರಮ ಸಮಿತಿಗಳು ಎರಡು ಕೆಲಸ ಮಾಡಬೇಕೆಂದು ಕೇಳುತ್ತೇನೆ. ಈ ಪತ್ರಿಕೆಯ ತಾಸುಗಳನ್ನು ಮೊದಲು ಪರಿಸರ ವಿಜ್ಞಾನ ಓದಿದವರಿಗೆ ಕೊಟ್ಟು, ಅವರು ಸಿಗದಿದ್ದರೆ ಮಾತ್ರ ಬೇರೆಯವರಿಗೆ ಹಂಚಬೇಕು. ಕ್ಷೇತ್ರಕಾರ್ಯದ ದಿನವನ್ನು, ಪ್ರಾಯೋಗಿಕ ಪರೀಕ್ಷೆಯ ದಿನಾಂಕದಂತೆ, ವಿಶ್ವವಿದ್ಯಾಲಯದ ವೇಳಾಪಟ್ಟಿಯಲ್ಲೇ ಮುದ್ರಿಸಬೇಕು. ಆ ದಿನ ವಿದ್ಯಾರ್ಥಿಗಳು ನಿಜವಾಗಿ ಹೊರಗೆ ಹೋಗಿ ತಂದ ಟಿಪ್ಪಣಿಗೇ ಅಂಕ ಬೀಳಬೇಕು, ರೆಕಾರ್ಡಿನ ಹೊದಿಕೆಗಲ್ಲ.

ನಮ್ಮ ಆರು ಬಾಟಲಿಗಳು ಆ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಹಾಗೇ ಇವೆಯಂತೆ. ಈ ಸಲದ ಬಿ.ಕಾಂ. ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋಗುವವರು ಯಾರಾದರೂ ಇದ್ದರೆ, ಒಂದು ಪೈಸೆ ಕೇಳದೆ ಜೊತೆಗೆ ಬರಲು ನಾನು ಸಿದ್ಧ.

— ಪರಿಸರ ವಿಜ್ಞಾನದ ಮಾಜಿ ಉಪನ್ಯಾಸಕಿ, ತುಂಗಭದ್ರಾ ತೀರ