ವ್ಯಾನ್‌ಗೆ ಕತ್ತರಿ ಬೇಡ, ನಾಲ್ಕು ಹಲಗೆ ಸಾಕು

ಬಾದಾಮಿಯ ಕೆಂಪು ಬಂಡೆ ಯಾರನ್ನೂ ಬಾಡಿಗೆ ಕೇಳುವುದಿಲ್ಲ. ಕೇಳುವುದು ಊರೊಳಗಿನ ಲಾಡ್ಜು. ಶಿಲಾರೋಹಣವಾಗಲಿ, ಸಸಿಹಿತ್ಲು ಕಡಲಲ್ಲಿ ಸರ್ಫಿಂಗ್ ಆಗಲಿ, ದಾಂಡೇಲಿಯ ಕಾಳಿ ನದಿಯಲ್ಲಿ ಕಯಾಕಿಂಗ್ ಆಗಲಿ, ಒಂದು ದಿನ ಹೋಗಿ ಫೋಟೊ ತೆಗೆಸಿಕೊಂಡು ಬಂದರೆ ಕೈಗೆ ಹತ್ತುವ ವಿದ್ಯೆಗಳಲ್ಲ. ಮತ್ತೆ ಮತ್ತೆ ಹೋಗಬೇಕು, ಬೀಳಬೇಕು, ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ಪ್ರಯತ್ನಿಸಬೇಕು. ಶೂ, ಹಗ್ಗಕ್ಕೆ ಒಮ್ಮೆ ದುಡ್ಡು ಹಾಕಿದರೆ ವರ್ಷಗಳು ಬಾಳುತ್ತವೆ. ಆದರೆ ಬಸ್ಸು, ರೂಮು, ಊಟದ ಖರ್ಚು ಪ್ರತಿ ಸಲವೂ ಹೊಸದು. ಹುಬ್ಬಳ್ಳಿಯಲ್ಲಿ ಓದುವಾಗಿನಿಂದ ಬಾದಾಮಿಗೆ ಹೋಗಿಬರುತ್ತಿರುವ ನಾನು ಕಂಡಂತೆ, ಚೆನ್ನಾಗಿ ಹತ್ತುತ್ತಿದ್ದ ಹುಡುಗರು ಆಟ ಬಿಟ್ಟದ್ದು ತೋಳಿನಲ್ಲಿ ಬಲವಿಲ್ಲದೆ ಅಲ್ಲ, ಜೇಬಿನಲ್ಲಿ ಬಲವಿಲ್ಲದೆ.

ಹಂಪಿ ಸೀಮೆಯಲ್ಲಿ ಇದು ಇನ್ನೂ ಕಷ್ಟ. ಬೌಲ್ಡರಿಂಗ್‌ಗೆ ಬರುವವರು ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ಕಡಿಮೆ ಖರ್ಚಿನಲ್ಲಿ ತಂಗುತ್ತಿದ್ದರು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಅಲ್ಲಿನ ಅತಿಥಿಗೃಹಗಳನ್ನು ನೆಲಸಮ ಮಾಡಲಾಯಿತು. ಪರಂಪರೆಯ ತಾಣ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂಡೆಯ ಹತ್ತಿರ ಅಗ್ಗದಲ್ಲಿ ಮಲಗುವ ಜಾಗ ಬೇಕೆನ್ನುವ ಅಗತ್ಯ ಮಾತ್ರ ಹಾಗೆಯೇ ಉಳಿದಿದೆ.

ಹೀಗಿರುವಾಗ ಗೆಳೆಯರ ನಡುವೆ ಒಂದು ಮಾತು ಎದ್ದೇ ಏಳುತ್ತದೆ: ‘ಸೆಕೆಂಡ್ ಹ್ಯಾಂಡ್ ಗೂಡ್ಸ್ ವ್ಯಾನ್ ತಗೊಂಡು ಒಳಗೇ ಮನೆ ಮಾಡಿಬಿಡೋಣ ಕಣೋ!’ ಈ ಕನಸಿಗೆ ಬೇರು ಅಮೆರಿಕದ್ದು. 2017ರಲ್ಲಿ ಎಲ್ ಕ್ಯಾಪಿಟನ್ ಬಂಡೆಯನ್ನು ಹಗ್ಗವಿಲ್ಲದೆ ಏರಿದ ಅಲೆಕ್ಸ್ ಹೊನ್ನಾಲ್ಡ್ ವರ್ಷಗಟ್ಟಲೆ ವ್ಯಾನಿನಲ್ಲೇ ಬದುಕಿದವರು. ಅವರ ವ್ಯಾನು ನಮ್ಮ ರೀಲ್ಸ್‌ಗಳಿಗೂ ಬಂದಿದೆ. ಆದರೆ ಬರುವಾಗ ವೇಷ ಬದಲಿಸಿಕೊಂಡಿದೆ. ಮರದ ಗೋಡೆ, ಅಡುಗೆ ಕಟ್ಟೆ, ಸಿಂಕು, ಬಣ್ಣದ ದೀಪ, ಮೇಲೆ ಸೋಲಾರ್. ಬಂಡೆಯ ಹತ್ತಿರ ಮಲಗಲು ಹುಟ್ಟಿದ ಉಪಾಯ, ಇನ್ನೂ ಕೆಲಸ ಹುಡುಕುತ್ತಿರುವವರ ತಲೆಯ ಮೇಲೆ ಇಎಂಐ ಹೊರಿಸುವ ಷೋಕಿಯಾಗಿದೆ.

ನನ್ನ ಅಭಿಪ್ರಾಯ ಸರಳ. ವ್ಯಾನ್ ಬೇಕು. ಆದರೆ ಅದನ್ನು ಕತ್ತರಿಸುವುದು ಬೇಡ, ಅದರ ಮೇಲೆ ಸಾಲ ಮಾಡುವುದೂ ಬೇಡ.

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ಮತ್ತು ಆರ್‌ಸಿಯಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ ಇಂತಹ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಿದೆ. ‘ಮೋಟಾರ್ ಕ್ಯಾರವಾನ್’ ಎಂಬ ವರ್ಗ ನಮ್ಮಲ್ಲಿಯೂ ಇದೆ, ಅದಕ್ಕೆ ಎಐಎಸ್-124 ಎಂಬ ಮಾನದಂಡವೂ ಇದೆ. ಆದರೆ ಅದು ಪರೀಕ್ಷೆ, ಪ್ರಮಾಣಪತ್ರಗಳ ದಾರಿ. ತಯಾರಿಸಿ ಮಾರುವ ಕಂಪನಿಗಳಿಗೆ ಹೊಂದುವಂಥದ್ದು. ಊರಿನ ಗ್ಯಾರೇಜಿನಲ್ಲಿ ಸೀಟು ಕಿತ್ತು, ಬಾಡಿ ಕೊಯ್ದು ಕಿಟಕಿ ಕೂರಿಸಿದ ವ್ಯಾನು ಆ ಲೆಕ್ಕಕ್ಕೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ವಿಮೆಯದು. ಗೂಡ್ಸ್ ವ್ಯಾನ್ ಖಾಲಿ ಡಬ್ಬದಂತೆ ಇರುತ್ತದೆ, ನೆಲ ಸಮತಟ್ಟು, ನಿಜ. ಆದರೆ ಆರ್‌ಸಿಯಲ್ಲಿ ಅದು ಸರಕು ವಾಹನ. ಮುಂದಿನ ಸೀಟು ಬಿಟ್ಟು ಹಿಂದೆ ಗೆಳೆಯರನ್ನು ಕೂರಿಸಿಕೊಂಡು ಹೊರಟಿರಿ ಎನ್ನಿ. ದಾರಿಯಲ್ಲಿ ಏನಾದರೂ ಆದರೆ? ಸರಕು ವಾಹನದಲ್ಲಿ ಪುಕ್ಕಟೆ ಹೋಗುವ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆಗ ಹೊಣೆ ಬೀಳುವುದು ಮಾಲೀಕರ ಮೇಲೆ. ಆರ್‌ಸಿ ಅಪ್ಪನ ಹೆಸರಿನಲ್ಲಿದ್ದರೆ, ಅಪ್ಪನ ಮೇಲೆ. ನಮ್ಮ ಹವ್ಯಾಸಕ್ಕಾಗಿ ಮನೆಯವರ ಹೊಲ-ಮನೆಯನ್ನು ಪಣಕ್ಕಿಡುವ ಹಕ್ಕು ನಮಗಿಲ್ಲ.

ಹಾಗಾದರೆ ಮಾಡಬಹುದಾದದ್ದು ಏನು? ನಾಲ್ಕೈದು ಜನ ಕೂರಬಹುದಾದ ಬಿಳಿ ಬೋರ್ಡಿನ ವ್ಯಾನು ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತದೆ. ಈಕೋದಂಥ ಗಾಡಿ ಸಾಕು. ಹಿಂದಿನ ಜಾಗಕ್ಕೆ ಸೀಟಿನ ಎತ್ತರಕ್ಕೆ ಸಮನಾದ ಪ್ಲೈವುಡ್ ಪೆಟ್ಟಿಗೆ ಮಾಡಿಸಿ. ಸೀಟಿನ ಒರಗು ಮಡಚುವಂತಿದ್ದರೆ ಅದರ ಮೇಲೂ ಹಲಗೆ ಹಾಸಿದರೆ ಆರಡಿ ಹಾಸಿಗೆ ಸಿದ್ಧ. ಇಬ್ಬರು ಒಳಗೆ, ಉಳಿದಿಬ್ಬರು ಪಕ್ಕದಲ್ಲಿ ಟೆಂಟಿನೊಳಗೆ. ಪೆಟ್ಟಿಗೆಯಲ್ಲಿ ಹಗ್ಗ, ಶೂ, ಪಾತ್ರೆ. ಬಾಡಿಗೆ ಒಂದು ತೂತೂ ಕೊರೆಯುವುದಿಲ್ಲ, ಒಂದು ಸೀಟೂ ಕೀಳುವುದಿಲ್ಲ. ಓಡುವಾಗ ಜಾರದಂತೆ ಬೆಲ್ಟಿನಿಂದ ಬಿಗಿಯುವುದು ಮಾತ್ರ ಕಡ್ಡಾಯ. ಬ್ರೇಕ್ ಹಾಕಿದಾಗ ಸಡಿಲ ಪೆಟ್ಟಿಗೆ ಮುಂದಿದ್ದವರ ಬೆನ್ನಿಗೆ ಬಡಿಯುತ್ತದೆ. ಸೋಮವಾರ ಬೆಳಿಗ್ಗೆ ಪೆಟ್ಟಿಗೆ ಇಳಿಸಿದರೆ ಅದು ಮತ್ತೆ ಮನೆಯವರ ಗಾಡಿ.

ತೂಕದ ಲೆಕ್ಕವನ್ನೂ ಮರೆಯಬೇಡಿ. ಎಂಟಡಿ-ನಾಲ್ಕಡಿಯ 18 ಮಿ.ಮೀ. ಪ್ಲೈವುಡ್ ಹಾಳೆ ಸುಮಾರು 30 ಕಿಲೊ ತೂಗುತ್ತದೆ, 12 ಮಿ.ಮೀ. ಹಾಳೆ ಸುಮಾರು 20 ಕಿಲೊ. ಒಂದು ಕ್ಯಾನ್ ನೀರು ಇನ್ನೊಂದು 20 ಕಿಲೊ. ಗೋಡೆ, ಕಪಾಟು, ಸಿಂಕು ಎಂದು ಸೇರಿಸುತ್ತಾ ಹೋದರೆ ಯಾರೂ ಹತ್ತುವ ಮೊದಲೇ ಗಾಡಿ ತುಂಬಿರುತ್ತದೆ. ಘಾಟಿ ಇಳಿಯುವಾಗ ಅದರ ಲೆಕ್ಕ ಕೇಳುವುದು ಬ್ರೇಕು.

ವಿದ್ಯುತ್ತಿನ ಲೆಕ್ಕ ಇನ್ನೂ ಸುಲಭ. 20 ವ್ಯಾಟಿನ ಪುಟ್ಟ ಫ್ಯಾನ್ ಎಂಟು ಗಂಟೆ ತಿರುಗಿದರೆ 160 ವ್ಯಾಟ್-ಅವರ್. ನಾಲ್ಕು ಮೊಬೈಲಿಗೆ ಸುಮಾರು 60. ಐದು ವ್ಯಾಟಿನ ದೀಪ ನಾಲ್ಕು ಗಂಟೆಗೆ 20. ಒಟ್ಟು 240. 12 ವೋಲ್ಟಿನ 50 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 600 ಇರುತ್ತದೆ. ಶನಿವಾರ, ಭಾನುವಾರ ಕಳೆಯಲು ಧಾರಾಳ. ಚಾವಣಿಯ ಮೇಲೆ ಸೋಲಾರ್ ಹೊರಿಸುವ ಅಗತ್ಯವೇ ಇಲ್ಲ.

ಒಂದು ಮಾತು ಮಾತ್ರ ಖಡಾಖಂಡಿತ. ವ್ಯಾನಿನೊಳಗೆ ಸ್ಟವ್ ಹಚ್ಚಬೇಡಿ, ಕೆಂಡ ಇಡಬೇಡಿ, ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲಿದ್ದವರಿಗೆ ಅದು ಏಳಲು ಅವಕಾಶ ಕೊಡುವುದಿಲ್ಲ. ಅಡುಗೆ ಹೊರಗೆ, ನಿದ್ದೆ ಒಳಗೆ, ಎರಡೂ ಕಡೆಯ ಕಿಟಕಿ ಒಂದೊಂದು ಬೆರಳಗಲ ತೆರೆದಿರಲಿ, ಅಲ್ಲಿಗೊಂದು ಸೊಳ್ಳೆ ಪರದೆ.

ಎಲ್ಲ ಸರಿ, ಗಾಡಿ ನಿಲ್ಲಿಸುವುದೆಲ್ಲಿ? ಅರಣ್ಯದೊಳಗೆ ಅನುಮತಿಯಿಲ್ಲದೆ ತಂಗುವಂತಿಲ್ಲ, ಸ್ಮಾರಕಗಳ ಪಕ್ಕ ಒಲೆ ಹೂಡುವಂತಿಲ್ಲ. ಉಳಿಯುವುದು ಊರವರ ಒಪ್ಪಿಗೆ. ‘ಕಾಕಾ, ಇಲ್ಲೊಂದು ರಾತ್ರಿ ಗಾಡಿ ನಿಲ್ಲಸ್ಲೇನ್ರೀ?’ ಎಂದು ಕೇಳಿದರೆ ಬಾದಾಮಿ ಸೀಮೆಯಲ್ಲಿ ಬೇಡ ಎಂದವರು ನನಗೆ ಕಡಿಮೆ. ಆದರೆ ನಾವು ಮನೆಯಿಂದ ಅಕ್ಕಿ-ಬೇಳೆ ಹೊತ್ತೊಯ್ದು, ಕಸ ಮತ್ತು ಗಲೀಜನ್ನಷ್ಟೇ ಬಿಟ್ಟುಬಂದರೆ ಆ ಕಾಕಾ ಮುಂದಿನ ಸಲ ಏಕೆ ಒಪ್ಪಬೇಕು? ರೂಮಿನ ದುಡ್ಡು ಉಳಿಸಿದವರು ಊಟದ ದುಡ್ಡನ್ನಾದರೂ ಅಲ್ಲಿಯ ಖಾನಾವಳಿಗೆ ಕೊಡಬೇಕು. ಕಸ ವಾಪಸ್ ತರಬೇಕು. ಕೇಳಿದ್ದಕ್ಕಿಂತ ಹೆಚ್ಚು ದಿನ ನಿಲ್ಲಬಾರದು.

ಹುಡುಗಿಯರ ಮಾತು ಬೇರೆಯೇ. ಸಂಕೋಚವಿಲ್ಲದೆ ಅಪರಿಚಿತರ ತೋಟದಲ್ಲಿ ರಾತ್ರಿ ಕಳೆಯುವುದು ನಮ್ಮಂಥ ಹುಡುಗರಿಗೆ ಸುಲಭ. ನಮ್ಮಷ್ಟೇ ಚೆನ್ನಾಗಿ ಬಂಡೆ ಹತ್ತುವ ಗೆಳತಿಯರಿಗೆ ಬೆಳಕು, ಶೌಚಾಲಯ, ಕರೆದರೆ ಬರುವ ಒಬ್ಬ ಕಾವಲುಗಾರ ಇರುವ ಜಾಗವೇ ಬೇಕು. ಅದಿಲ್ಲದ ತನಕ ವ್ಯಾನ್ ಎಂಬ ಉಪಾಯ ಅರ್ಧ ಜನಕ್ಕಷ್ಟೇ.

ಆದ್ದರಿಂದ ಸರ್ಕಾರಕ್ಕೆ ಎರಡು ಬೇಡಿಕೆ. ಬ್ರಿಟನ್ನಿನಲ್ಲಿ ಮಾಲೀಕನೇ ತನ್ನ ಸರಕು ವ್ಯಾನನ್ನು ಬದಲಿಸಿ, ಫೋಟೊಗಳ ಸಮೇತ ಅರ್ಜಿ ಹಾಕಿ, ನೋಂದಣಿಯಲ್ಲಿ ಮೋಟಾರ್ ಕ್ಯಾರವಾನ್ ಎಂದು ಬರೆಯಿರಿ ಎಂದು ಕೇಳಬಹುದು. ಹಾಸಿಗೆ ಕನಿಷ್ಠ ಆರಡಿ ಇರಬೇಕು ಎನ್ನುವವರೆಗೆ ಪಟ್ಟಿ ಸ್ಪಷ್ಟವಾಗಿದೆ. ಸುರಕ್ಷತೆಯ ತಪಾಸಣೆಯೊಂದಿಗೆ ಅಂತಹ ಒಂದು ಸಣ್ಣ ದಾರಿ ನಮ್ಮ ಆರ್‌ಟಿಒಗಳಲ್ಲೂ ತೆರೆಯಲಿ. ಎರಡನೆಯದು, ಬಾದಾಮಿ, ಆನೆಗೊಂದಿ, ರಾಮನಗರ, ಸಸಿಹಿತ್ಲುಗಳಲ್ಲಿ ಪ್ರವಾಸೋದ್ಯಮ ಇಲಾಖೆ ರಾತ್ರಿ ಗಾಡಿ ನಿಲ್ಲಿಸಲು ಒಂದೊಂದು ಅಂಗಳ ಕೊಡಲಿ. ನೀರು, ದೀಪ, ಶೌಚಾಲಯ, ಒಬ್ಬ ಕಾವಲುಗಾರ, ಸಣ್ಣ ಶುಲ್ಕ. ಐಷಾರಾಮಿ ಕ್ಯಾರವಾನ್ ಪಾರ್ಕ್ ನಾವು ಕೇಳುತ್ತಿಲ್ಲ.

ಶಿಲಾರೋಹಣವೂ ಸರ್ಫಿಂಗೂ ಟೋಕಿಯೊದಿಂದ ಒಲಿಂಪಿಕ್ಸ್ ಸೇರಿವೆ. ಅಭ್ಯಾಸಕ್ಕೆ ಬೇಕಾದ ಬಂಡೆ ಮತ್ತು ಕಡಲು ಎರಡೂ ನಮ್ಮ ರಾಜ್ಯದಲ್ಲೇ ಇವೆ. ಅಲ್ಲಿ ಒಂದು ರಾತ್ರಿ ಹೆಚ್ಚು ಉಳಿಯುವ ಶಕ್ತಿ ಯಾರಿಗಿದೆಯೋ ಅವರೇ ಮುಂದೆ ಹೋಗುತ್ತಾರೆ. ಆ ಒಂದು ರಾತ್ರಿ ದುಡ್ಡಿದ್ದವರ ಸ್ವತ್ತಾಗಬಾರದು. ಮುಂದಿನ ವಾರ ನಿಮ್ಮೂರಿನ ಬಡಗಿಯ ಹತ್ತಿರ ಹೋಗುವಾಗ ಅಳತೆ ಟೇಪು ಒಯ್ಯಿರಿ, ಸಾಲದ ಅರ್ಜಿ ಮನೆಯಲ್ಲೇ ಇರಲಿ.